ಬಾಡಿಗೆ ಮಿತಿ ಮತ್ತು ಒಕ್ಕಲೆಬ್ಬಿಸುವ ತಡೆ: ಎರಡನ್ನೂ ಒಟ್ಟಿಗೆ ಓದುವ ಟಿಪ್ಪಣಿ

1915ರ ಗ್ಲಾಸ್ಗೋದಿಂದ ಶುರು ಮಾಡೋಣ. ಯುದ್ಧಕಾಲ. ಹಡಗುಕಟ್ಟೆಗಳಿಗೆ, ಮದ್ದುಗುಂಡಿನ ಕಾರ್ಖಾನೆಗಳಿಗೆ ಕೆಲಸಗಾರರು ತಂಡತಂಡವಾಗಿ ಬಂದು ಸೇರಿದ್ದರು. ಮನೆಗಳು ಸಾಲದಾದವು, ಮಾಲೀಕರು ಬಾಡಿಗೆ ಏರಿಸಿದರು. ಗಂಡಸರಲ್ಲಿ ಎಷ್ಟೋ ಮಂದಿ ರಣರಂಗದಲ್ಲಿದ್ದರು. ಹೀಗಾಗಿ ಹೋರಾಟ ಹೆಂಗಸರ ಕೈಗೆ ಬಂತು. ಗೋವನ್ ಬಡಾವಣೆಯ ಮೇರಿ ಬಾರ್ಬರ್ ಮುಂದಾಳತ್ವದಲ್ಲಿ ಸಾವಿರಾರು ಮನೆಯವರು ಹೆಚ್ಚಿಸಿದ ಬಾಡಿಗೆ ಕೊಡುವುದಿಲ್ಲ ಎಂದು ಪಟ್ಟು ಹಿಡಿದರು. ಮನೆ ಖಾಲಿ ಮಾಡಿಸಲು ಅಮೀನರು ಬಂದರೆ ಗಂಟೆ ಬಾರಿಸಿ ಬೀದಿಯವರನ್ನೆಲ್ಲ ಸೇರಿಸುತ್ತಿದ್ದರು. ನವೆಂಬರ್ 17ರಂದು ಬಾಡಿಗೆ ಬಾಕಿಯ ಮೊಕದ್ದಮೆಗಳು ಕೋರ್ಟಿಗೆ ಬಂದಾಗ ಹೊರಗೆ ಜನಸಾಗರವೇ ನೆರೆದಿತ್ತು, ಮೊಕದ್ದಮೆಗಳನ್ನು ಕೈಬಿಡಬೇಕಾಯಿತು. ಡಿಸೆಂಬರ್ ಹೊತ್ತಿಗೆ ಬ್ರಿಟನ್ನಿನ ಸಂಸತ್ತು ಬಾಡಿಗೆ ಕಾಯ್ದೆಯನ್ನೇ ತಂದಿತು.

ಆ ಕಾಯ್ದೆ ಪುಟಗಳ ಲೆಕ್ಕದಲ್ಲಿ ಚಿಕ್ಕದು. ಆದರೆ ಮುಂದಿನ ನೂರು ವರ್ಷದ ಬಾಡಿಗೆ ಕಾನೂನಿನ ಬೀಜವೆಲ್ಲ ಅದರಲ್ಲೇ ಇದೆ. ಮೊದಲನೆಯದಾಗಿ, ಸಣ್ಣ ಮನೆಗಳ ಬಾಡಿಗೆಯನ್ನು 1914ರ ಆಗಸ್ಟ್‌ನ ಮಟ್ಟದಲ್ಲಿ ನಿಲ್ಲಿಸಿತು. ಜೊತೆಗೆ, ಬಾಡಿಗೆ ಕಟ್ಟುತ್ತಿರುವವರನ್ನು ಗೊತ್ತುಪಡಿಸಿದ ಕಾರಣವಿಲ್ಲದೆ ಎಬ್ಬಿಸುವಂತಿಲ್ಲ ಎಂದಿತು. ಮನೆ ಹಾಳುಮಾಡಿದರೆ, ನೆರೆಯವರಿಗೆ ಉಪದ್ರವ ಕೊಟ್ಟರೆ, ಮಾಲೀಕನಿಗೇ ವಾಸಕ್ಕೆ ನಿಜವಾಗಿ ಬೇಕಿದ್ದರೆ ಇಂಥವು ಕಾರಣಗಳು. ಮೂರನೆಯದನ್ನು ನಮ್ಮ ತರಗತಿಗಳಲ್ಲಿ ಯಾರೂ ಹೇಳುವುದಿಲ್ಲ: ಆ ಮನೆಗಳ ಅಡಮಾನ ಸಾಲದ ಬಡ್ಡಿಯನ್ನೂ ಏರಿಸಬಾರದು, ಸಾಲವನ್ನು ಏಕಾಏಕಿ ವಾಪಸ್ ಕೇಳಬಾರದು ಎಂದು ಸಾಲ ಕೊಟ್ಟವರ ಕೈಯನ್ನೂ ಕಟ್ಟಿತು. ಆದಾಯ ನಿಲ್ಲಿಸಿದ ಮೇಲೆ ಮಾಲೀಕನ ಖರ್ಚನ್ನೂ ಹಿಡಿದು ನಿಲ್ಲಿಸಬೇಕು ಎಂಬ ತಿಳಿವಳಿಕೆ ಆಗಲೇ ಇತ್ತು. ಆಮೇಲೆ ಬಂದ ಎಷ್ಟೋ ಕಾಯ್ದೆಗಳು ಇದನ್ನು ಮರೆತವು ಎಂಬುದು ನನಗೆ ಬೇಸರದ ಸಂಗತಿ.

ಪಠ್ಯಪುಸ್ತಕಗಳಲ್ಲಿ ಬಾಡಿಗೆ ಮಿತಿ ಅರ್ಥಶಾಸ್ತ್ರದ ಅಧ್ಯಾಯದಲ್ಲಿರುತ್ತದೆ, ಒಕ್ಕಲೆಬ್ಬಿಸುವುದು ಕಾನೂನಿನ ಅಧ್ಯಾಯದಲ್ಲಿ. ಹೀಗೆ ಬೇರೆಬೇರೆಯಾಗಿ ಓದಿದ್ದರಿಂದ ನನಗೆ ಬಹಳ ದಿನ ಎರಡೂ ಅರ್ಥವಾಗಿರಲಿಲ್ಲ. ಬಾಡಿಗೆಗೆ ಮಿತಿ ಇದ್ದು, ಯಾವ ಕಾರಣವನ್ನೂ ಕೊಡದೆ ಎಬ್ಬಿಸಬಹುದಾದರೆ, ಮಾಲೀಕ ಹಳಬರನ್ನು ಕಳಿಸಿ ಹೊಸಬರಿಂದ ಹೊಸ ಬಾಡಿಗೆ ಪಡೆಯುತ್ತಾನೆ. ಎಬ್ಬಿಸಲು ಕಾರಣ ಬೇಕು, ಆದರೆ ಬಾಡಿಗೆಗೆ ಮಿತಿಯಿಲ್ಲ ಎಂದಾದರೆ, ಎಬ್ಬಿಸುವ ತಂಟೆಯೇ ಬೇಡ. ಬಾಡಿಗೆಯನ್ನು ಎರಡರಷ್ಟು ಮಾಡಿದರೆ ಸಾಕು, ಅವರೇ ಗಂಟುಮೂಟೆ ಕಟ್ಟುತ್ತಾರೆ.

ಇಂಗ್ಲೆಂಡ್ ಇದಕ್ಕೆ ಒಳ್ಳೆಯ ಉದಾಹರಣೆ. 1988ರ ವಸತಿ ಕಾಯ್ದೆಯಲ್ಲಿ ಬಾಡಿಗೆ ಏರಿಕೆ ವಿಪರೀತವೆನಿಸಿದರೆ ಬಾಡಿಗೆದಾರ ನ್ಯಾಯಮಂಡಳಿಗೆ ಹೋಗಬಹುದಿತ್ತು. ಆದರೆ ಅದೇ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮಾಲೀಕ ಎರಡು ತಿಂಗಳ ನೋಟಿಸ್ ಕೊಟ್ಟು, ಕಾರಣ ಹೇಳದೆಯೇ ಮನೆ ವಾಪಸ್ ಕೇಳಬಹುದಿತ್ತು. ಹೀಗಿರುವಾಗ ಬಾಡಿಗೆ ಪ್ರಶ್ನಿಸುವ ಧೈರ್ಯ ಯಾರು ಮಾಡುತ್ತಾರೆ? ಹಕ್ಕು ಕಾಗದದ ಮೇಲೆ ಉಳಿಯಿತು. ಆ ಸೆಕ್ಷನ್ ತೆಗೆದುಹಾಕುವ ಕಾಯ್ದೆ ಬಂದದ್ದು 2025ರಲ್ಲಿ.

ಇನ್ನು ಮಿತಿಯ ಲೆಕ್ಕ. ‘ನಿಯಂತ್ರಣ’ ಎಂದ ಕೂಡಲೇ ಬಾಡಿಗೆ ಅಲ್ಲೇ ಕಲ್ಲಾಗಿ ನಿಲ್ಲುತ್ತದೆ ಎಂದುಕೊಳ್ಳಬೇಡಿ. ಈಗಿನ ಹೆಚ್ಚಿನ ಕಾಯ್ದೆಗಳು ವರ್ಷಕ್ಕೆ ಇಷ್ಟು ಏರಿಸಬಹುದು ಎನ್ನುತ್ತವೆ, ಏರಿಕೆಯನ್ನು ಹಣದುಬ್ಬರಕ್ಕೆ ಗಂಟುಹಾಕುತ್ತವೆ. ಸ್ಯಾನ್ ಫ್ರಾನ್ಸಿಸ್ಕೋ ನಗರದ 1979ರ ಬಾಡಿಗೆ ಶಾಸನದಡಿ ಈಗ ವರ್ಷದ ಏರಿಕೆ ಹಣದುಬ್ಬರದ ಶೇ 60ರಷ್ಟು, ಶೇ 7 ಮೀರುವಂತಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯದ 2019ರ ಕಾಯ್ದೆ ಬೇರೆ ತರಹ: ಶೇ 5ರ ಮೇಲೆ ಹಣದುಬ್ಬರ ಸೇರಿಸಿ, ಒಟ್ಟು ಶೇ 10ರೊಳಗೆ. ಬಾಡಿಗೆ 100 ಎಂದಿಟ್ಟುಕೊಳ್ಳಿ, ಹಣದುಬ್ಬರ ಶೇ 4. ನಗರದ ಲೆಕ್ಕದಲ್ಲಿ ಮುಂದಿನ ವರ್ಷ 102.40; ರಾಜ್ಯದ ಲೆಕ್ಕದಲ್ಲಿ 109. ಎರಡಕ್ಕೂ ಜನ ಒಂದೇ ಹೆಸರು ಹೇಳುತ್ತಾರೆ, ಆದರೆ ಎರಡನೆಯದು ತೀರಾ ಅತಿಯಾದ ಏರಿಕೆಗೆ ಮಾತ್ರ ಅಡ್ಡ ನಿಲ್ಲುತ್ತದೆ.

ಈ ಲೆಕ್ಕವನ್ನು ಹತ್ತು ವರ್ಷಕ್ಕೆ ಎಳೆದು ನೋಡಿ, ಆಗ ವಿಷಯ ಬಿಚ್ಚಿಕೊಳ್ಳುತ್ತದೆ. ವರ್ಷಕ್ಕೆ ಶೇ 2.4ರಂತೆ ಏರಿದರೆ 100 ಇದ್ದದ್ದು ಸುಮಾರು 127 ಆಗುತ್ತದೆ. ಮಾರುಕಟ್ಟೆ ಬಾಡಿಗೆ ವರ್ಷಕ್ಕೆ ಶೇ 6ರಂತೆ ಏರಿದ್ದರೆ ಪಕ್ಕದ ಮನೆ 179ಕ್ಕೆ ಹೋಗಿರುತ್ತದೆ. ನಡುವಿನ 52 ಬಾಡಿಗೆದಾರನ ಪಾಲಿಗೆ ಊರಿನಲ್ಲಿ ಉಳಿಯುವ ದಾರಿ. ಮಾಲೀಕನ ಪಾಲಿಗೆ ಅದೇ 52, ಈ ಮನೆ ಖಾಲಿಯಾದರೆ ಸಿಗುವ ಹಣ. ಮಿತಿ ಬಿಗಿಯಾದಷ್ಟೂ, ಕಾಲ ಕಳೆದಷ್ಟೂ ಎಬ್ಬಿಸುವ ಆಸೆ ಬೆಳೆಯುತ್ತದೆ. ಬಾಡಿಗೆ ಮಿತಿ ತರುವ ಶಾಸಕರು ಒಕ್ಕಲೆಬ್ಬಿಸುವ ತಡೆಯನ್ನೂ ಜೊತೆಗೆ ತರಲೇಬೇಕಾಗುವುದು ಇದಕ್ಕೇ.

ಆ 52 ಮಾಲೀಕನ ಕೈಗೆ ಸಿಗುತ್ತದೋ ಇಲ್ಲವೋ ಎಂಬುದು ಇನ್ನೊಂದು ನಿಯಮದ ಮೇಲೆ ನಿಂತಿದೆ: ಮನೆ ಖಾಲಿಯಾದಾಗ ಮಿತಿ ಕಳಚುತ್ತದೆಯೇ? ಯಾವುದೇ ಬಾಡಿಗೆ ಕಾಯ್ದೆ ಕೈಗೆ ಸಿಕ್ಕರೆ ನಾನು ಈಗ ಮೊದಲು ಹುಡುಕುವುದು ಈ ಸಾಲನ್ನು. ಕ್ಯಾಲಿಫೋರ್ನಿಯಾದಲ್ಲಿ 1995ರ ಕೋಸ್ಟಾ-ಹಾಕಿನ್ಸ್ ಕಾಯ್ದೆ, ಹಳಬರು ತಾವಾಗಿ ಬಿಟ್ಟುಹೋದ ಮೇಲೆ ಹೊಸಬರಿಗೆ ಮಾರುಕಟ್ಟೆ ಬಾಡಿಗೆ ಕೇಳುವ ಹಕ್ಕನ್ನು ಮಾಲೀಕರಿಗೆ ಕೊಟ್ಟಿತು. ನಗರಗಳು ಇದನ್ನು ತಡೆಯುವಂತಿಲ್ಲ. ಮಾಲೀಕನಿಗೆ ಇದರಿಂದ ಉಸಿರಾಡಲು ಜಾಗ ಸಿಕ್ಕಿತು, ಬಹುದಿನದ ಬಾಡಿಗೆದಾರನ ಮೇಲೆ ಒತ್ತಡ ಹೆಚ್ಚಿತು. ನ್ಯೂಯಾರ್ಕ್ 2019ರಲ್ಲಿ ಎದುರು ದಿಕ್ಕಿಗೆ ಹೋಯಿತು: ಬಾಡಿಗೆ ಸ್ಥಿರೀಕರಣದ (ಎಂದರೆ ಏರಿಕೆಗೆ ಮಿತಿಯಿರುವ) ಮನೆ ಖಾಲಿಯಾದಾಗ ಸಿಗುತ್ತಿದ್ದ ಶೇ 20ರ ಏರಿಕೆಯನ್ನು ರದ್ದು ಮಾಡಿತು, ಬಾಡಿಗೆ ಒಂದು ಮಟ್ಟ ದಾಟಿದರೆ ಮನೆ ನಿಯಂತ್ರಣದಿಂದಲೇ ಹೊರಬೀಳುತ್ತಿದ್ದ ದಾರಿಯನ್ನೂ ಮುಚ್ಚಿತು. ಜೊತೆಗೆ ರಿಪೇರಿ ಖರ್ಚನ್ನು ಬಾಡಿಗೆಗೆ ಸೇರಿಸುವ ಮಿತಿಯನ್ನು ಬಿಗಿ ಮಾಡಿತು. ಹಳೆಯ ಮನೆಗಳನ್ನು ದುರಸ್ತಿ ಮಾಡಿ ಬಾಡಿಗೆಗೆ ಬಿಡುವುದು ಗಿಟ್ಟುವುದಿಲ್ಲ ಎಂಬ ಮಾಲೀಕರ ದೂರಿನ ನಂತರ 2024ರಲ್ಲಿ ಆ ಕೊನೆಯ ಅಂಶವನ್ನು ಸ್ವಲ್ಪ ಸಡಿಲಿಸಲಾಯಿತು.

ಎಬ್ಬಿಸಲು ಒಪ್ಪುವ ಕಾರಣಗಳನ್ನು ಎರಡು ಗುಂಪು ಮಾಡಿಕೊಂಡರೆ ನೆನಪಿಡಲು ಸುಲಭ. ಬಾಡಿಗೆದಾರನ ತಪ್ಪಿನಿಂದ ಹುಟ್ಟುವವು ಒಂದು: ಬಾಡಿಗೆ ಬಾಕಿ, ಹಾನಿ, ಕರಾರು ಮುರಿಯುವುದು, ಉಪದ್ರವ. ಇವುಗಳಲ್ಲಿ ತಕರಾರು ಕಡಿಮೆ. ತಪ್ಪಿಲ್ಲದಿದ್ದರೂ ಎಬ್ಬಿಸಬಹುದಾದವು ಇನ್ನೊಂದು: ಮಾಲೀಕನ ಸ್ವಂತ ವಾಸ, ಕೆಡವಿ ಕಟ್ಟುವುದು, ದೊಡ್ಡ ದುರಸ್ತಿ, ಬಾಡಿಗೆ ವ್ಯವಹಾರವನ್ನೇ ಬಿಡುವುದು. ಜಗಳವೆಲ್ಲ ಇಲ್ಲಿ. ಇವು ನಿಜವಾದ ಅಗತ್ಯಗಳೂ ಹೌದು, ನೆಪವಾಗಿ ಬಳಸಲು ಅನುಕೂಲವಾದವೂ ಹೌದು. ಮಗನಿಗೆ ಮನೆ ಬೇಕು ಎಂದು ಖಾಲಿ ಮಾಡಿಸಿ, ಮೂರು ತಿಂಗಳಿಗೆ ಬೇರೆಯವರಿಗೆ ಹೆಚ್ಚು ಬಾಡಿಗೆಗೆ ಕೊಟ್ಟರೆ ಏನು ಮಾಡುವುದು? ಅದಕ್ಕೇ ಒಳ್ಳೆಯ ಕಾಯ್ದೆ ಕಾರಣಗಳ ಪಟ್ಟಿಗೆ ನಿಲ್ಲುವುದಿಲ್ಲ. ಇಷ್ಟು ಕಾಲ ಅಲ್ಲೇ ವಾಸವಿರಬೇಕು, ಮತ್ತೆ ಬಾಡಿಗೆಗೆ ಬಿಟ್ಟರೆ ಹಳಬರಿಗೇ ಮೊದಲ ಅವಕಾಶ ಕೊಡಬೇಕು, ಸ್ಥಳಾಂತರದ ಪರಿಹಾರ ಕೊಡಬೇಕು ಎಂಬ ಷರತ್ತುಗಳನ್ನು ಕಟ್ಟುತ್ತದೆ. ಕ್ಯಾಲಿಫೋರ್ನಿಯಾದ 2019ರ ಕಾಯ್ದೆಯಲ್ಲಿ ಬಾಡಿಗೆದಾರ 12 ತಿಂಗಳು ಇದ್ದ ಮೇಲೆ ಈ ರಕ್ಷಣೆ ಶುರುವಾಗುತ್ತದೆ, ತಪ್ಪಿಲ್ಲದೆ ಎಬ್ಬಿಸಿದರೆ ಒಂದು ತಿಂಗಳ ಬಾಡಿಗೆಯಷ್ಟು ಪರಿಹಾರ. ಅಲ್ಲಿನ 1985ರ ಎಲಿಸ್ ಕಾಯ್ದೆ ಮಾತ್ರ ಬಾಡಿಗೆ ವ್ಯವಹಾರ ಬಿಡುವ ಮಾಲೀಕನನ್ನು ಯಾವ ನಗರವೂ ಹಿಡಿದು ನಿಲ್ಲಿಸಬಾರದು ಎನ್ನುತ್ತದೆ.

ಮಾಲೀಕರ ಕಡೆಯ ವಾದವನ್ನು ದುರಾಸೆ ಎಂದು ತಳ್ಳಿಹಾಕಬೇಡಿ. ಮುಂಬಯಿಯ ಚರಿತ್ರೆ ಓದಿದವರಿಗೆ ಅದರ ತೂಕ ಗೊತ್ತಾಗುತ್ತದೆ. 1947ರ ಬಾಂಬೆ ಬಾಡಿಗೆ ಕಾಯ್ದೆ ಮೂಲ ಬಾಡಿಗೆಯನ್ನು 1940ರ ಸೆಪ್ಟೆಂಬರ್‌ನ ಮಟ್ಟಕ್ಕೆ ಕಟ್ಟಿತು, ಹಣದುಬ್ಬರದ ಏರಿಕೆಯನ್ನೇ ಇಡಲಿಲ್ಲ. ದಶಕಗಳು ಉರುಳಿದವು. ಬಂದ ಬಾಡಿಗೆ ಸುಣ್ಣಬಣ್ಣಕ್ಕೂ ಸಾಲದಾಯಿತು, ಚಾಳುಗಳು ಶಿಥಿಲವಾದವು. ದುರಸ್ತಿಗಾಗಿ ಸರ್ಕಾರವೇ 1969ರಲ್ಲಿ ಕಾಯ್ದೆ ಮಾಡಿ, ಹಳೆಯ ಕಟ್ಟಡಗಳ ಮೇಲೆ ಕರ ಹಾಕಿ, ಮಂಡಳಿ ನಡೆಸಬೇಕಾಯಿತು. ಕಾಗದದ ಬಾಡಿಗೆ ಕಡಿಮೆ ಇದ್ದರೂ ಮನೆ ಹಿಡಿಯಲು ‘ಪಗಡಿ’ ಎಂಬ ದೊಡ್ಡ ಮೊತ್ತ ಕೈಬದಲಾಗುತ್ತಿತ್ತು; ಒತ್ತಿಹಿಡಿದ ಬೆಲೆ ಇನ್ನೊಂದು ಕಿಂಡಿಯಿಂದ ಹೊರಬಂತು. 1997ರ ಡಿಸೆಂಬರ್‌ನಲ್ಲಿ ಮಲ್ಪೆ ವಿಶ್ವನಾಥ ಆಚಾರ್ಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಬಾಡಿಗೆಯನ್ನು ಹೀಗೆ ಹೆಪ್ಪುಗಟ್ಟಿಸಿಟ್ಟದ್ದು ಕಾಲಕ್ರಮದಲ್ಲಿ ಅಸಮಂಜಸವಾಗಿದೆ ಎಂದಿತು. ಮಹಾರಾಷ್ಟ್ರದ 1999ರ ಕಾಯ್ದೆ ವರ್ಷಕ್ಕೆ ಶೇ 4ರ ಏರಿಕೆಗೆ ಅವಕಾಶ ಕೊಟ್ಟಿತು, ಪಗಡಿಯನ್ನೂ ಕಾನೂನಿನೊಳಗೆ ತಂದಿತು.

ಮಿತಿ ಇದ್ದರೂ ಮಾಲೀಕನಿಗೆ ಸಮಂಜಸವಾದ ಆದಾಯ ಸಿಗಬೇಕು ಎಂಬ ‘ನ್ಯಾಯವಾದ ಪ್ರತಿಫಲ’ದ ತತ್ವ ಇದೇ. ಇದರ ಜೊತೆಗೆ 1976ರ ಬರ್ಕೆನ್‌ಫೆಲ್ಡ್ ಮೊಕದ್ದಮೆಯನ್ನೂ ಓದಿ, ಎರಡು ಕಾರಣಕ್ಕೆ. ಬರ್ಕ್ಲಿ ನಗರ ಬಾಡಿಗೆ ನಿಯಂತ್ರಿಸಬಹುದು ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಒಪ್ಪಿತು. ಆದರೆ ಮಾಲೀಕ ಏರಿಕೆ ಕೇಳಿದರೆ ಒಂದೊಂದೇ ಮನೆಯ ಅರ್ಜಿ ವಿಚಾರಿಸುತ್ತ ವಿಪರೀತ ತಡವಾಗುವ ವ್ಯವಸ್ಥೆ ಸಲ್ಲದು ಎಂದು ಆ ನಿಯಮವನ್ನು ಹೊಡೆದುಹಾಕಿತು. ಒಕ್ಕಲೆಬ್ಬಿಸುವ ವಿಷಯದಲ್ಲೂ ಹೀಗೇ ಗೆರೆ ಎಳೆಯಿತು: ಯಾವ ಕಾರಣಕ್ಕೆ ಎಬ್ಬಿಸಬಹುದು ಎಂಬುದನ್ನು ನಗರ ಹೇಳಬಹುದು, ಆದರೆ ಕೋರ್ಟಿಗೆ ಹೋಗುವ ಮೊದಲು ತನ್ನ ಪ್ರಮಾಣಪತ್ರ ತರಬೇಕು ಎಂದು ಹೇಳುವಂತಿಲ್ಲ, ಆ ವಿಧಾನ ರಾಜ್ಯದ ಕಾನೂನಿಗೆ ಸೇರಿದ್ದು.

ಇದೆಲ್ಲದರಿಂದ ಆದದ್ದೇನು ಎಂದು ತೋರಿಸುವ ಅತಿ ಒಳ್ಳೆಯ ಅಧ್ಯಯನ ಸ್ಯಾನ್ ಫ್ರಾನ್ಸಿಸ್ಕೋದ್ದು. ಅಲ್ಲಿ 1980ಕ್ಕಿಂತ ಮೊದಲು ಕಟ್ಟಿದ ಸಣ್ಣ ವಸತಿ ಕಟ್ಟಡಗಳು 1994ರ ಮತದಾನದಿಂದ ನಿಯಂತ್ರಣದೊಳಗೆ ಬಂದವು, ಅಂಥವೇ ಆದರೂ ಆಮೇಲೆ ಕಟ್ಟಿದವು ಹೊರಗುಳಿದವು. ಹೋಲಿಸಲು ಇದಕ್ಕಿಂತ ಸ್ಪಷ್ಟ ಜೋಡಿ ಸಿಗುವುದು ಅಪರೂಪ. ಡೈಮಂಡ್, ಮೆಕ್‌ಕ್ವೇಡ್ ಮತ್ತು ಕಿಯಾನ್ ಎಂಬ ಅರ್ಥಶಾಸ್ತ್ರಜ್ಞರು 2019ರಲ್ಲಿ ಪ್ರಕಟಿಸಿದ ಪ್ರಕಾರ, ನಿಯಂತ್ರಣಕ್ಕೊಳಗಾದ ಮನೆಗಳ ಬಾಡಿಗೆದಾರರು ಮನೆ ಬಿಟ್ಟುಹೋಗುವುದು ಶೇ 20ರಷ್ಟು ಕಡಿಮೆಯಾಯಿತು. ಅದೇ ಕಟ್ಟಡಗಳ ಮಾಲೀಕರು ಮನೆಗಳನ್ನು ಸ್ವಂತ ವಾಸದವರಿಗೆ ಮಾರಿ, ಇಲ್ಲವೇ ಹೊಸದಾಗಿ ಕಟ್ಟಿ, ಬಾಡಿಗೆಗೆ ಸಿಗುವ ಮನೆಗಳನ್ನು ಶೇ 15ರಷ್ಟು ಇಳಿಸಿದರು. ನಗರದ ಒಟ್ಟಾರೆ ಬಾಡಿಗೆ ಶೇ 5.1ರಷ್ಟು ಏರಿತು. ಇದನ್ನು ‘ನಿಯಂತ್ರಣ ಸೋತಿತು’ ಎಂದು ಉದ್ಧರಿಸುವವರು ಮೊದಲ ಅಂಕಿಯನ್ನು ಬಿಡುತ್ತಾರೆ, ‘ಗೆದ್ದಿತು’ ಎನ್ನುವವರು ಉಳಿದ ಎರಡನ್ನು. ನನ್ನ ಓದಿನಲ್ಲಿ ಇದು ಮನೆ ಬಾಡಿಗೆ ಮಾರುಕಟ್ಟೆಯಿಂದ ಜಾರಿಹೋಗುವ ಕಿಂಡಿಗಳ ಕಥೆ. ಹೊಸ ಕಟ್ಟಡಗಳ ಪ್ರಶ್ನೆ ಬೇರೆಯದು: ಅಮೆರಿಕದ ಸೇಂಟ್ ಪಾಲ್ ನಗರ 2021ರಲ್ಲಿ ಹೊಸ ಕಟ್ಟಡಗಳಿಗೂ ಸೇರಿಸಿ ಶೇ 3ರ ಮಿತಿ ತಂದಿತು, ನಿರ್ಮಾಣದ ಪರವಾನಗಿ ಅರ್ಜಿಗಳು ಕುಸಿದವು, ಮರುವರ್ಷವೇ ಹೊಸ ಕಟ್ಟಡಗಳಿಗೆ 20 ವರ್ಷ ವಿನಾಯಿತಿ ಕೊಟ್ಟಿತು.

ಕೊನೆಗೆ ವಿಧಾನ. ನೋಟಿಸ್, ದಾವೆ, ತೀರ್ಪು, ನಂತರ ಅಧಿಕಾರಿಯಿಂದ ಜಾರಿ, ಈ ಸರಣಿಯನ್ನು ದಾಟಿ ಮಾಲೀಕ ತಾನೇ ಬೀಗ ಬದಲಿಸುವುದು, ನೀರು ಅಥವಾ ವಿದ್ಯುತ್ ನಿಲ್ಲಿಸುವುದು ಈ ಟಿಪ್ಪಣಿಯಲ್ಲಿ ಬಂದ ನಗರಗಳಲ್ಲೆಲ್ಲ ಕಾನೂನುಬಾಹಿರ. ಬಾಡಿಗೆ ಬಾಕಿ ಇದ್ದರೂ ಅಷ್ಟೇ. ನೋಟಿಸ್ ಬಂತು ಎಂದರೆ ಮನೆ ಹೋಯಿತು ಎಂದು ಹೆದರಿ ಬಿಟ್ಟುಹೋಗುವವರು ಬಹಳ. ನೋಟಿಸ್ ಈ ಸರಣಿಯ ಮೊದಲ ಮೆಟ್ಟಿಲು ಮಾತ್ರ. ಆದರೆ ಕೋರ್ಟಿನ ಸಮನ್ಸ್ ಬಂದ ಮೇಲೆ ಸುಮ್ಮನಿದ್ದರೆ, ಕಾರಣ ಸುಳ್ಳಾಗಿದ್ದರೂ ತೀರ್ಪು ಸಾಮಾನ್ಯವಾಗಿ ಎದುರಿನವರ ಪರವಾಗಿಯೇ ಬರುತ್ತದೆ. ಇದನ್ನು ಮನಗಂಡು ನ್ಯೂಯಾರ್ಕ್ ನಗರ 2017ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ 2018ರಲ್ಲಿ, ಒಕ್ಕಲೆಬ್ಬಿಸುವ ದಾವೆ ಎದುರಿಸುವವರಿಗೆ ವಕೀಲರನ್ನು ಒದಗಿಸುವ ಕಾನೂನು ತಂದವು. ಕ್ಯಾಲಿಫೋರ್ನಿಯಾದಲ್ಲಿ ಇಂಥ ಸಮನ್ಸಿಗೆ ಉತ್ತರ ಸಲ್ಲಿಸಲು ಇದ್ದದ್ದು 5 ಕೋರ್ಟ್ ದಿನ. 2025ರ ಜನವರಿಯಿಂದ ಅದು 10 ಆಗಿದೆ.