ಗೇರ್ ಬೀಳದಿದ್ದರೆ ಮೊದಲು ಎಂಜಿನ್ ಆಫ್ ಮಾಡಿ

ಜುಲೈ ತಿಂಗಳ ಒಂದು ಬೆಳಿಗ್ಗೆ ಉಡುಪಿಯಿಂದ ಮಾವನ ಫೋನ್. "ಗೇರ್ ಬೀಳುದೇ ಇಲ್ಲ ಮಾರಾಯ. ರಿವರ್ಸ್ ಹಾಕಿದ್ರೆ ಕರ್ರ್ ಅಂತ ಶಬ್ದ. ಗೇರ್‌ಬಾಕ್ಸ್ ಇಳಿಸ್ಬೇಕಂತೆ."

ಕಾರು 2004ರ ಮಾರುತಿ 800. ಮಾವ ಅದನ್ನು ಮಾರುವವರಲ್ಲ.

"ಎಂಜಿನ್ ಆಫ್ ಮಾಡಿ ಗೇರ್ ಹಾಕಿ ನೋಡಿದ್ರಾ ಮಾವ?" ಅಂತ ಕೇಳಿದೆ. ನೋಡಿರಲಿಲ್ಲ. ಫೋನ್ ಹಿಡಿದುಕೊಂಡೇ ಅಂಗಳಕ್ಕೆ ಹೋದರು. ಎಲ್ಲ ಗೇರೂ ಸಲೀಸಾಗಿ ಬಿದ್ದವು, ರಿವರ್ಸ್ ಕೂಡ. ಗೇರ್‌ಬಾಕ್ಸ್ ಸದ್ಯಕ್ಕೆ ಇಳಿಸೋದು ಬೇಡ ಅಂದೆ.

ಕಾರು ನಿಂತಿದ್ದಾಗ ಗೇರ್‌ಬಾಕ್ಸಿನಲ್ಲಿ ಚಕ್ರದ ಕಡೆಯ ಶಾಫ್ಟ್ ನಿಂತಿರುತ್ತದೆ. ಎಂಜಿನ್ ಮಾತ್ರ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತಿರುತ್ತದೆ. ಕ್ಲಚ್ ಒತ್ತಿದಾಗ ಕ್ಲಚ್ ಪ್ಲೇಟ್ ಫ್ಲೈವೀಲಿನಿಂದ, ಅಂದರೆ ಎಂಜಿನ್ ಜೊತೆ ತಿರುಗುವ ಭಾರದ ಚಕ್ರದಿಂದ, ಬಿಡಿಸಿಕೊಳ್ಳಬೇಕು. ಬಿಡಿಸಿಕೊಂಡರೆ ಎಂಜಿನ್ ಕಡೆಯ ಶಾಫ್ಟೂ ಒಂದೆರಡು ಸೆಕೆಂಡಿನಲ್ಲಿ ನಿಲ್ಲುತ್ತದೆ, ಗೇರ್ ಬೀಳುತ್ತದೆ. ಪೂರ್ತಿ ಬಿಡಿಸಿಕೊಳ್ಳದಿದ್ದರೆ ಶಾಫ್ಟ್ ತಿರುಗುತ್ತಲೇ ಇರುತ್ತದೆ. ನಿಂತ ಹಲ್ಲಿಗೆ ತಿರುಗುವ ಹಲ್ಲು ತಾಗಿದರೆ ಕರ್ರ್ ಅನ್ನಲೇಬೇಕು ಅಲ್ವಾ?

ಎಂಜಿನ್ ಆಫ್ ಮಾಡಿದರೆ ಎಲ್ಲವೂ ನಿಂತಿರುತ್ತದೆ. ಆಗ ಗೇರ್ ಸುಲಭವಾಗಿ ಬಿದ್ದು, ಆನ್ ಇದ್ದಾಗ ಬೀಳದಿದ್ದರೆ ತೊಂದರೆ ಬಹುತೇಕ ಕ್ಲಚ್ಚಿನದು. ಆಫ್ ಇದ್ದಾಗಲೂ ಬಿಗಿ ಇದ್ದರೆ ಗೇರ್ ಲಿವರಿನ ಕೆಳಗಿನ ರಾಡು, ಅದರ ಕೀಲಿನಲ್ಲಿರುವ ಬುಷ್ ನೋಡಬೇಕು. ಒಂದೊಂದು ಸಲ ಹಲ್ಲಿಗೆ ಹಲ್ಲು ಎದುರಾಗಿ ನಿಂತಿರುತ್ತದೆ, ಕಾರನ್ನು ಚೂರು ತಳ್ಳಿ ಮತ್ತೆ ಹಾಕಿ ನೋಡಿ.

ಭಾನುವಾರ ನಾನೇ ಹೋದೆ. ಕ್ಲಚ್ ಪೆಡಲ್ ಕೆಳಗೆ ರಬ್ಬರ್ ಮ್ಯಾಟ್, ಅದರ ಮೇಲೆ ಮಳೆನೀರು ಹೀರಲಿ ಅಂತ ಗೋಣಿ, ಗೋಣಿಯ ಮೇಲೆ ಎರಡು ಪದರ ಪೇಪರು. ಪೆಡಲ್ ಕೊನೆಯ ಒಂದಿಂಚು ಕೆಳಗೆ ಹೋಗುತ್ತಲೇ ಇರಲಿಲ್ಲ. ಎಲ್ಲ ತೆಗೆದ ಮೇಲೆ ಶಬ್ದ ಕಡಿಮೆ ಆಯಿತು, ಪೂರ್ತಿ ಹೋಗಲಿಲ್ಲ. ಬಾನೆಟ್ ಎತ್ತಿ ಕ್ಲಚ್ ಕೇಬಲ್ ನೋಡಿದೆ. ತುದಿಯಲ್ಲಿ ತುಕ್ಕು ಹಿಡಿದು, ನಾಲ್ಕೈದು ಎಳೆ ತುಂಡಾಗಿ, ತೆಂಗಿನ ನಾರಿನ ಹಾಗೆ ಬಿಚ್ಚಿಕೊಂಡಿತ್ತು. ಉಳಿದ ಎಳೆಗಳು ಹಿಗ್ಗಿದ್ದವು. ಕಾಲು ಎಷ್ಟು ಒತ್ತಿದರೂ ಆ ಎಳೆತ ಕ್ಲಚ್ಚಿಗೆ ಪೂರ್ತಿ ಮುಟ್ಟುತ್ತಿರಲಿಲ್ಲ. ಹೊಸ ಕೇಬಲ್ ಹಾಕಿಸಿ ಪೆಡಲಿನ ಆಟ (ಕ್ಲಚ್ ಹಿಡಿಯುವ ಮೊದಲು ಪೆಡಲ್ ಸಡಿಲವಾಗಿ ಇಳಿಯುವಷ್ಟು ಜಾಗ) ಸರಿ ಮಾಡಿಸಿದ ಕೂಡಲೇ ರಿವರ್ಸ್ ಬಿತ್ತು.

ಕರಾವಳಿಯಲ್ಲಿ ಇದು ಜಾಸ್ತಿ. ವರ್ಷಕ್ಕೆ 3500 ಮಿಲಿಮೀಟರಿನಷ್ಟು ಮಳೆ, ಮೇಲೆ ಉಪ್ಪುಗಾಳಿ. ದುಬೈಯಲ್ಲೋ ಮುಂಬೈಯಲ್ಲೋ ಇರುವವರು ಕಾರನ್ನು ಊರಮನೆಯ ಶೆಡ್ಡಿನಲ್ಲಿ ಬಿಟ್ಟು ಹೋಗುತ್ತಾರೆ. ಮಳೆಗಾಲ ಕಳೆದು ಬಂದು ಎಂಜಿನ್ ಆನ್ ಮಾಡಿದರೆ ಒಂದು ಗೇರೂ ಬೀಳುವುದಿಲ್ಲ. ತುಕ್ಕು ಹಿಡಿದು ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಅಂಟಿಕೊಂಡಿರುತ್ತದೆ, ಅಷ್ಟೇ. ಇಂಥ ಕಾರಿನ ಗೇರ್‌ಬಾಕ್ಸನ್ನು ಸುಮ್ನೆ ಬಿಚ್ಚಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಚಳಿಗೆ ಆಯಿಲ್ ಗಟ್ಟಿಯಾಗಿದೆ ಅನ್ನುವ ವಿವರಣೆಯನ್ನೂ ಮಂಗಳೂರಿನಲ್ಲಿ ನಾನು ಒಪ್ಪುವುದಿಲ್ಲ. ಇಲ್ಲಿ ಡಿಸೆಂಬರ್ ಬೆಳಿಗ್ಗೆಯೂ 20 ಡಿಗ್ರಿ ಆಸುಪಾಸು ಇರುತ್ತದೆ.

ಕ್ಲಚ್ ಕೆಟ್ಟರೆ ಎಲ್ಲ ಗೇರಿಗೂ ಕಷ್ಟ, ರಿವರ್ಸಿಗೆ ಎಲ್ಲಕ್ಕಿಂತ ಮೊದಲು. ಓಡುತ್ತಿರುವಾಗ ಒಂದೇ ಗೇರಿನಲ್ಲಿ ಕರ್ರ್ ಅಂದರೆ ಕಥೆ ಬೇರೆ. ಅದು ಸಿಂಕ್ರೊನೈಸರ್ ರಿಂಗಿನ ಸವೆತ. ಹಲ್ಲುಗಳು ಸೇರುವ ಮೊದಲು ಈ ಹಿತ್ತಾಳೆ ರಿಂಗು ಗೇರಿಗೆ ಉಜ್ಜಿ ಎರಡೂ ಕಡೆಯ ವೇಗವನ್ನು ಸಮ ಮಾಡುತ್ತದೆ. ಅರ್ಲ್ ಥಾಂಪ್ಸನ್ ರೂಪಿಸಿದ ಈ ಏರ್ಪಾಡನ್ನು 1928ರಲ್ಲಿ ಕ್ಯಾಡಿಲಾಕ್ ಕಾರಿಗೆ ಅಳವಡಿಸಿದರು. ಹಳೆಯ ಎಷ್ಟೋ ಕಾರುಗಳಲ್ಲಿ ರಿವರ್ಸಿಗೆ ಈ ರಿಂಗು ಇರುವುದಿಲ್ಲ. ಹಾಗಾಗಿ ಕ್ಲಚ್ ಒತ್ತಿ ಮೂರು ಎಣಿಸಿ ರಿವರ್ಸ್ ಹಾಕಿ. ಆಗಲೂ ಶಬ್ದ ಬಂದರೆ ಕ್ಲಚ್ ಬಿಡುತ್ತಿಲ್ಲ ಅಂತ ಅರ್ಥ.

ಸಾಮಾನ್ಯವಾಗಿ ಬೇಗ ಸವೆಯುವುದು ಎರಡನೇ ಗೇರಿನ ರಿಂಗು. ಒಂದನೇ ಗೇರಿನ ಅನುಪಾತ 3.6, ಅಂದರೆ ಚಕ್ರದ ಕಡೆಯ ಶಾಫ್ಟಿನ ಒಂದು ಸುತ್ತಿಗೆ ಎಂಜಿನ್ ಕಡೆಯದು 3.6 ಸುತ್ತು; ಎರಡನೆಯದು 2.1 ಅಂದುಕೊಳ್ಳಿ. ನಿಮಿಷಕ್ಕೆ 3000 ಸುತ್ತಿನಲ್ಲಿ ಗೇರ್ ಬದಲಿಸಿದರೆ ಎಂಜಿನ್ ಕಡೆಯ ಶಾಫ್ಟ್ 1750 ಸುತ್ತಿಗೆ ಇಳಿಯಬೇಕು. ಅಷ್ಟೂ ವೇಗವನ್ನು ಕ್ಷಣದಲ್ಲಿ ಇಳಿಸುವುದು ಆ ಪುಟ್ಟ ರಿಂಗು. ಬೆಂದೂರ್‌ವೆಲ್, ಕಂಕನಾಡಿ, ಪಂಪ್‌ವೆಲ್ ಅಂತ ಮಂಗಳೂರಿನ ಟ್ರಾಫಿಕ್ಕಿನಲ್ಲಿ ಓಡುವ ಕಾರಿಗೆ ದಿನಕ್ಕೆ ಎಷ್ಟು ಸಲ ಈ ಕೆಲಸ ಬೀಳುತ್ತದೆ ಲೆಕ್ಕ ಹಾಕಿ. ಪರೀಕ್ಷೆ ಸುಲಭ. ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತನ್ನಿ, ಕ್ಲಚ್ ಬಿಡಿ, ಮತ್ತೆ ಒತ್ತಿ ಎರಡನೇ ಗೇರ್ ಹಾಕಿ. ಹೀಗೆ ಮಾಡಿದಾಗ ಶಬ್ದ ನಿಂತರೆ ರಿಂಗು ಸವೆದಿದೆ.

ಚಾರ್ಮಾಡಿ ಘಾಟಿ ಹತ್ತುವಾಗ ಎಂಜಿನ್ ಕೂಗುತ್ತದೆ, ಕಾರು ಮುಂದೆ ಹೋಗುವುದಿಲ್ಲ ಅಂದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಗೇರ್ ತಾನಾಗಿ ನ್ಯೂಟ್ರಲ್ಲಿಗೆ ಬಂದರೆ ಎಂಜಿನನ್ನು ಹಿಡಿದಿಡುವ ರಬ್ಬರ್ ಮೌಂಟಿಂಗನ್ನೂ ನೋಡಿಸಿ.

ಕೊನೆಗೆ ಗೇರ್ ಆಯಿಲ್. ಬದಲಿಸುವಾಗ ಹಳೆಯದನ್ನು ಒಂದು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ನೋಡಿ. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ನೀರು ಸೇರಿದೆ. ಚಿನ್ನದ ಪುಡಿಯಂತೆ ಮಿನುಗಿದರೆ ಅದು ರಿಂಗಿನ ಹಿತ್ತಾಳೆ. ಉಕ್ಕಿನ ಚೂರು ಸಿಕ್ಕಿದರೆ ಗೇರ್‌ಬಾಕ್ಸ್ ಇಳಿಸಲೇಬೇಕು. ಮಾವನ ಕಾರಿನ ಆಯಿಲ್ ಕಪ್ಪಾಗಿತ್ತು, ಚೂರು ಒಂದೂ ಇರಲಿಲ್ಲ. ಹೊಸದು ಹಾಕಿಸಿ, ಸಂಜೆ ಅದರಲ್ಲೇ ಮಣಿಪಾಲದ ಏರು ಹತ್ತಿ ಬಂದೆವು.