ಸಿಲಿಂಡರ್ ಆಯಿತು, ಓವನ್ ಒಳಗೆ ನೋಡಿದಿರಾ?

ಹೀಲಿಯಂ ದುಬಾರಿ, ಒಮ್ಮೊಮ್ಮೆ ಸಿಗೋದೇ ಇಲ್ಲ. ಹಾಗಾಗಿ ಎಷ್ಟೋ ಲ್ಯಾಬ್‌ಗಳು ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ಗೆ (ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಉಪಕರಣ) ಹೈಡ್ರೋಜನ್ನನ್ನೇ ಕ್ಯಾರಿಯರ್ ಗ್ಯಾಸ್, ಅಂದರೆ ಸ್ಯಾಂಪಲ್ ಹೊತ್ತೊಯ್ಯುವ ಅನಿಲ, ಮಾಡಿಕೊಂಡಿವೆ. ಒಳ್ಳೆಯದೇ, ರನ್ ಬೇಗ ಮುಗಿಯುತ್ತದೆ. ಆದರೆ ಸುರಕ್ಷತೆ ಅಂದ ಕೂಡಲೇ ಎಲ್ಲರ ಕಣ್ಣು ಸಿಲಿಂಡರ್ ಮೇಲೆ. ಅದಕ್ಕೆ ಸರಪಳಿ ಬಿಗಿದು ಬೋರ್ಡ್ ಹಾಕಿದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ನಾನು ಮೊದಲು ನೋಡೋದು ಓವನ್, ಅಂದರೆ ಕಾಲಂ (ಸ್ಯಾಂಪಲ್ ಬೇರ್ಪಡುವ ಸಣ್ಣ ಕೊಳವೆ) ಇಟ್ಟು ಬಿಸಿ ಮಾಡುವ ಪೆಟ್ಟಿಗೆ.

ಗಾಳಿಯಲ್ಲಿ ಹೈಡ್ರೋಜನ್ 4% ಸೇರಿದರೆ ಸಾಕು, ಹೊತ್ತಿಕೊಳ್ಳುತ್ತದೆ. 75% ತನಕವೂ ಅದೇ ಅಪಾಯ. ಬೇಕಾದ ಕಿಡಿ ಸುಮಾರು 0.02 ಮಿಲಿಜೂಲ್ ಅಷ್ಟೇ, ಬಟ್ಟೆಯಲ್ಲಿ ಹುಟ್ಟುವ ಸ್ಥಿರ ವಿದ್ಯುತ್ತೂ ಸಾಲುತ್ತದೆ. ಗಾಳಿಯಾಡುವ ಕೋಣೆಯಲ್ಲಿ ಸಣ್ಣ ಲೀಕ್ ಆದರೆ ಈ ಹಗುರ ಅನಿಲ ಬೇಗ ಚದುರಿಹೋಗುತ್ತದೆ. ಓವನ್ ಹಾಗಲ್ಲ, ಅದು ಮುಚ್ಚಿದ ಪೆಟ್ಟಿಗೆ, ಹೀಟರ್ ಬೇರೆ ಒಳಗೇ ಇದೆ.

ಲೆಕ್ಕ ಹಾಕಿ ನೋಡಿ. ಓವನ್ 14 ಲೀಟರ್ ಇದೆ ಅಂದುಕೊಳ್ಳಿ. ಅದರ 4% ಅಂದರೆ 560 ಮಿಲಿಲೀಟರ್. ಫ್ಲೇಮ್ ಡಿಟೆಕ್ಟರ್‌ಗೆ (ಕಾಲಂನಿಂದ ಬಂದದ್ದನ್ನು ಹೈಡ್ರೋಜನ್ ಜ್ವಾಲೆಯಲ್ಲಿ ಸುಟ್ಟು ಪತ್ತೆಮಾಡುವ ಭಾಗ) ನಿಮಿಷಕ್ಕೆ 40 ಮಿಲಿಲೀಟರ್ ಹೈಡ್ರೋಜನ್ ಬಿಟ್ಟಿದ್ದೀರಿ, ಕಾಲಂ ಬಿಚ್ಚಿ ಡಿಟೆಕ್ಟರ್ ಕಡೆಯ ಬಾಯಿ ಮುಚ್ಚದೆ ಬೇರೆ ಕೆಲಸಕ್ಕೆ ಹೋದಿರಿ, ಗ್ಯಾಸೆಲ್ಲ ಕೆಳಗೆ ಓವನ್‌ಗೇ ಇಳಿಯಿತು ಅಂದರೆ 14 ನಿಮಿಷ ಸಾಕು. ವಾಸನೆ ಇಲ್ಲ, ಬಣ್ಣ ಇಲ್ಲ, ಹೊತ್ತಿದರೆ ಜ್ವಾಲೆಯೂ ಹಗಲಲ್ಲಿ ಕಾಣೋದು ಕಷ್ಟ. ಅದಕ್ಕೇ ಹೇಳೋದು: ಕಾಲಂ ಮುಟ್ಟುವ ಮೊದಲು ಹೈಡ್ರೋಜನ್ ಆಫ್ ಮಾಡಿ, ಖಾಲಿ ಇರುವ ಬಾಯಿಗೆ ಬ್ಲ್ಯಾಂಕ್ ನಟ್ (ತೂತಿಲ್ಲದ, ಬಾಯಿ ಮುಚ್ಚುವ ನಟ್) ಹಾಕಿ, ಆಮೇಲೆ ಮುಂದಿನ ಕೆಲಸ. ಕಾಲಂ ಓವನ್ ಒಳಗೆ ಮುರಿದರೂ ಗ್ಯಾಸ್ ಅಲ್ಲೇ ತುಂಬುತ್ತದೆ. ಒತ್ತಡ ಸೆಟ್ ಪಾಯಿಂಟ್ (ನಾವು ನಿಗದಿ ಮಾಡಿದ ಮಟ್ಟ) ಮುಟ್ಟದಿದ್ದರೆ ಹೊಸ ಉಪಕರಣಗಳು ತಾವೇ ಗ್ಯಾಸ್ ನಿಲ್ಲಿಸುತ್ತವೆ. ಆ ಅಲಾರಂ ಬಂದಾಗ ಸುಮ್ನೆ ರೀಸೆಟ್ ಒತ್ತಬೇಡಿ, ಓವನ್ ಆಫ್ ಮಾಡಿ ಕಾರಣ ಹುಡುಕಿ.

ಸ್ಪ್ಲಿಟ್ ವೆಂಟ್‌ನಿಂದಲೂ (ಸ್ಯಾಂಪಲ್ ಹಾಕುವ ಕಡೆ ಹೆಚ್ಚುವರಿ ಗ್ಯಾಸ್ ಹೊರಬಿಡುವ ಬಾಯಿ) ಹೈಡ್ರೋಜನ್ ಹೊರಬರುತ್ತಲೇ ಇರುತ್ತದೆ, ಎಷ್ಟೋ ಸಲ ಕಾಲಂ ಒಳಗೆ ಹೋಗೋದಕ್ಕಿಂತ ಜಾಸ್ತಿ. ಅದಕ್ಕೆ ಟ್ಯೂಬ್ ಹಾಕಿ ಎಕ್ಸಾಸ್ಟ್‌ಗೆ ಬಿಡಿ. ಲೀಕ್ ನೋಡಲು ಎಲೆಕ್ಟ್ರಾನಿಕ್ ಡಿಟೆಕ್ಟರ್ ಇರಲಿ, ಸೋಪಿನ ನೀರು ಬೇಡ, ಅದು ಕಾಲಂನ ಜಾಯಿಂಟ್‌ಗಳ ಮೂಲಕ ಒಳಗೆ ಸೇರಿ ಬೇಸ್‌ಲೈನ್ (ಸಿಗ್ನಲ್‌ನ ತಳಗೆರೆ) ಕೆಡಿಸುತ್ತದೆ. ಬೇಕಾದಾಗ ಹೈಡ್ರೋಜನ್ ತಯಾರಿಸುವ ಜನರೇಟರ್ ಇದ್ದರೆ ಇನ್ನೂ ವಾಸಿ, ಅದರಲ್ಲಿ ಶೇಖರವಾಗೋ ಅನಿಲ ಸಿಲಿಂಡರ್‌ಗೆ ಹೋಲಿಸಿದರೆ ಬಹಳ ಕಡಿಮೆ.

ಡಿಟೆಕ್ಟರ್ ಆಗಿ ಮಾಸ್ ಸ್ಪೆಕ್ಟ್ರೋಮೀಟರ್ (ವ್ಯಾಕ್ಯೂಮ್‌ನಲ್ಲಿ ಅಣುಗಳ ತೂಕ ನೋಡಿ ಗುರುತಿಸುವ ಉಪಕರಣ) ಇರುವವರು ಕರೆಂಟ್ ಹೋದಾಗ ಇನ್ನೂ ಜಾಗ್ರತೆ ವಹಿಸಬೇಕು. ಪಂಪ್ ನಿಂತು, ಕಾಲಂನಿಂದ ಗ್ಯಾಸ್ ಮಾತ್ರ ಬರುತ್ತಲೇ ಇದ್ದರೆ ಚೇಂಬರ್ ಒಳಗೆ ಹೈಡ್ರೋಜನ್ ತುಂಬಿರಬಹುದು. ಮೊದಲು ಗ್ಯಾಸ್ ಬಂದ್ ಮಾಡಿ, ಉಪಕರಣದ ಮ್ಯಾನುಯಲ್‌ನಲ್ಲಿ ಹೇಳಿದಂತೆ ಚೇಂಬರ್ ಖಾಲಿ ಮಾಡಿ, ವ್ಯಾಕ್ಯೂಮ್ ಸರಿಯಾಗಿದೆ ಅಂತ ಖಾತ್ರಿಯಾದ ಮೇಲೆಯೇ ಫಿಲಮೆಂಟ್ (ಚೇಂಬರ್ ಒಳಗೆ ಕಾದು ಉರಿಯುವ ತಂತಿ) ಆನ್ ಮಾಡಿ.