ಬೀಗದ ಗುರುತಿದೆಯಲ್ಲ ಸರ್, ಇನ್ನೇನು ಭಯ?

ಪ್ರಶ್ನೆ: ನಾನು ದಿನಾ ಅಡಿಕೆ ಧಾರಣೆ ನೋಡುವ ವೆಬ್‌ಸೈಟಿನಲ್ಲಿ ಕ್ರಾಸ್ ಸೈಟ್ ಸ್ಕ್ರಿಪ್ಟಿಂಗ್ ದೋಷ ಇದೆ ಅಂತ ಮಗ ಹೇಳ್ತಾನೆ. ಆದರೆ ಅಡ್ರೆಸ್ ಪಕ್ಕ ಬೀಗದ ಗುರುತಿದೆ. ನೋಡೋದೂ ಮೊಬೈಲಲ್ಲೇ. ಏನೂ ಆಗಲ್ಲ ಅಲ್ವಾ?

ಉತ್ತರ: ಮಗ ಹೇಳಿದ ದೋಷ ಅಲ್ಲಿ ನಿಜವಾಗಿ ಇದ್ದರೆ, ಆಗಬಹುದು. ಮೊಬೈಲಾದರೂ ಅಷ್ಟೆ, ಕಂಪ್ಯೂಟರಾದರೂ ಅಷ್ಟೆ. ಇನ್ನು ಆ ಬೀಗ! ಶಿವಮೊಗ್ಗದಲ್ಲಿ ಕಂಪ್ಯೂಟರ್ ಕ್ಲಾಸು ಶುರು ಮಾಡಿದಾಗಿನಿಂದ ಈ ಬೀಗದ ಜೊತೆ ಗುದ್ದಾಡುತ್ತಿದ್ದೇನೆ ಮಾರಾಯ್ರೆ.

ತೀರ್ಥಹಳ್ಳಿಯಿಂದ ಶಿವಮೊಗ್ಗದ ಮಂಡಿಗೆ ಅಡಿಕೆ ಲಾರಿ ಹೊರಟಿದೆ ಅಂದುಕೊಳ್ಳಿ. ಟಾರ್ಪಾಲು ಬಿಗಿದು, ಹಗ್ಗ ಕಟ್ಟಿದ್ದಾರೆ. ಮಂಡಗದ್ದೆಯಲ್ಲಿ ಯಾರೂ ಚೀಲ ಮುಟ್ಟಲಿಲ್ಲ, ಗಾಜನೂರಲ್ಲೂ ಮುಟ್ಟಲಿಲ್ಲ. ಆದರೆ ಲೋಡು ಮಾಡುವಾಗಲೇ ಯಾರೋ ಒಳ್ಳೆಯ ರಾಶಿ ಅಡಿಕೆಯ ಚೀಲಕ್ಕೆ ಕಡಿಮೆ ದರ್ಜೆಯ ಗೊರಬಲು ಅಡಿಕೆ ಸುರಿದಿದ್ದರೆ? ಆ ಗೊರಬಲೂ ಅಷ್ಟೇ ಭದ್ರವಾಗಿ ಮಂಡಿ ತಲುಪುತ್ತದೆ. ಬೀಗದ ಗುರುತು ಅಂದರೆ ಆ ಟಾರ್ಪಾಲು. ವೆಬ್‌ಸೈಟಿಗೂ ನಿಮ್ಮ ಫೋನಿಗೂ ನಡುವಿನ ದಾರಿಯಲ್ಲಿ ಯಾರೂ ಕದ್ದು ನೋಡಿಲ್ಲ, ತಿದ್ದಿಲ್ಲ ಅನ್ನುವುದಷ್ಟೇ ಅದರ ಮಾತು. ಚೀಲದೊಳಗೆ ಏನಿದೆ ಎಂದು ಅದು ನೋಡುವುದಿಲ್ಲ.

ಮಗ ಹೇಳಿದ ಕ್ರಾಸ್ ಸೈಟ್ ಸ್ಕ್ರಿಪ್ಟಿಂಗ್ ಅಂದರೆ ಹೀಗೆ ಗೊರಬಲು ಸುರಿಯುವುದೇ. ಸುರಿಯುವುದು ಹೇಗೆ ಅಂದರೆ, ವೆಬ್‌ಸೈಟಿನಲ್ಲಿ ಹುಡುಕುವ ಜಾಗ, ಅಭಿಪ್ರಾಯ ಬರೆಯುವ ಜಾಗ ಇರುತ್ತದಲ್ಲ, ಅಲ್ಲಿ ಒಬ್ಬ ಮಾತಿನ ಬದಲು ಜಾವಾಸ್ಕ್ರಿಪ್ಟ್ ಕೋಡು, ಅಂದರೆ ಬ್ರೌಸರ್ ಓಡಿಸುವ ಆಜ್ಞೆಗಳನ್ನು, ಬರೆಯುತ್ತಾನೆ. ಸೈಟು ಕಟ್ಟಿದವರು ಅದನ್ನು ಸೋಸದೆ ಹಾಗೇ ಪುಟದಲ್ಲಿ ತೋರಿಸುತ್ತಾರೆ. ಪುಟ ತೆರೆದ ನಿಮ್ಮ ಬ್ರೌಸರಿಗೆ ಅದು ಕಳ್ಳನ ಕೋಡು ಅಂತ ಗೊತ್ತಾಗಲು ದಾರಿಯೇ ಇಲ್ಲ. ಈ ಸೈಟಿನಿಂದ ಬಂದಿದ್ದು, ಹಾಗಾಗಿ ಈ ಸೈಟಿನದೇ ಅಂತ ನಂಬಿ ಓಡಿಸುತ್ತದೆ. ನೀವು ಲಾಗಿನ್ ಆಗಿದ್ದರೆ ಆ ಕೋಡು ನಿಮ್ಮ ಹೆಸರಲ್ಲೇ ಅಲ್ಲಿ ಕೆಲಸ ಮಾಡಬಹುದು, ಸುಳ್ಳು ಪಾಸ್‌ವರ್ಡ್ ಪೆಟ್ಟಿಗೆ ತಂದು ನಿಲ್ಲಿಸಬಹುದು.

ನಂಬಿಕೆ ಬರದಿದ್ದರೆ 2014ರ ಜೂನ್ ನೆನಪಿಸುತ್ತೇನೆ. ಟ್ವೀಟುಗಳನ್ನು ನೋಡಲು ಟ್ವಿಟರಿನದೇ ಆದ ಟ್ವೀಟ್‌ಡೆಕ್ ಎಂಬ ಸೇವೆಯಲ್ಲಿ ಹೃದಯದ ಗುರುತಿದ್ದ ಒಂದು ಟ್ವೀಟು, ನೋಡಿದವರ ಖಾತೆಯಿಂದ ಅವರು ಬೆರಳೂ ಆಡಿಸದೆ ತಾನೇ ರೀಟ್ವೀಟ್ ಆಗುತ್ತಾ ಹೋಯಿತು. ಕಂಪನಿಯವರು ಸ್ವಲ್ಪ ಹೊತ್ತು ಸೇವೆಯನ್ನೇ ನಿಲ್ಲಿಸಬೇಕಾಯಿತು. ಆ ಸೈಟಿಗೂ ಬೀಗವಿತ್ತು. ಕೊನೆಗೆ 2023ರಲ್ಲಿ ಕಂಪ್ಯೂಟರಿನ ಕ್ರೋಮ್‌ನಿಂದ ಗೂಗಲ್‌ನವರು ಆ ಗುರುತನ್ನೇ ತೆಗೆದರು, ಜನ ಅದನ್ನು ತಪ್ಪಾಗಿ ತಿಳಿಯುತ್ತಾರೆ ಅಂತ. ನಾನು ಹೇಳಿದರೆ ಕೇಳದವರು ಗೂಗಲ್ ಹೇಳಿದರೂ ಕೇಳಲಿಲ್ಲ ಬಿಡಿ.

ಮೊಬೈಲಿನ ವಿಷಯಕ್ಕೆ ಬಂದರೆ, ಇದು ವೈರಸ್ಸಿನಂತೆ ಫೋನಿಗೆ ಅಂಟಿಕೊಳ್ಳುವ ಜಾತಿಯಲ್ಲ. ತಪ್ಪು ಹೆಚ್ಚಾಗಿ ಸೈಟಿನದು, ರಿಪೇರಿಯೂ ಅವರದೇ. ಒಮ್ಮೊಮ್ಮೆ ಬ್ರೌಸರೇ ತೂತು. 4.4ಕ್ಕಿಂತ ಹಳೆಯ ಆಂಡ್ರಾಯ್ಡ್ ಫೋನುಗಳ ಜೊತೆ ಬರುತ್ತಿದ್ದ ಬ್ರೌಸರಿನಲ್ಲಿ 2014ರಲ್ಲಿ ಅಂಥದ್ದೊಂದು ಸಿಕ್ಕಿತ್ತು. ಒಂದು ಪುಟದ ಕೋಡು ಪಕ್ಕದ ಪುಟದೊಳಗೆ ಇಣುಕಬಹುದಿತ್ತು. ಸೈಟು ಎಷ್ಟೇ ನೆಟ್ಟಗಿದ್ದರೂ ಉಪಯೋಗವಿಲ್ಲ. ಹಾಗಾಗಿ ಬ್ರೌಸರ್ ಅಪ್‌ಡೇಟ್ ಬಂದಾಗ 'ಆಮೇಲೆ' ಒತ್ತಬೇಡಿ. ಧಾರಣೆ ನೋಡಲು ಲಾಗಿನ್ ಬೇಕಿಲ್ಲ, ಆಗಬೇಡಿ.

ಸೈಟು ಕಟ್ಟುವ ಹುಡುಗರಿಗೆ ಒಂದು ಮಾತು. ಗಣಿತದಲ್ಲಿ ಚಿಕ್ಕದು-ದೊಡ್ಡದು ತೋರಿಸಲು ಬರೆಯುವ ಮೊಸಳೆ ಬಾಯಿಯ ಗುರುತಿದೆಯಲ್ಲ, ಕೋಡು ಬಾಯಿ ತೆರೆಯುವುದೇ ಅಲ್ಲಿಂದ. ಬೇರೆಯವರು ಬರೆದಿದ್ದನ್ನು ಪುಟಕ್ಕೆ ಹಾಕುವ ಮುಂಚೆ ಆ ಗುರುತನ್ನು ಬರೀ ಅಕ್ಷರವಾಗಿ ಕಾಣುವಂತೆ ಬದಲಿಸಿ. ಕೆಲಸ ಅಲ್ಲಿಗೇ ಮುಗಿಯುವುದಿಲ್ಲ, ಆದರೆ ಅದನ್ನೇ ಮಾಡದವರು ಎಷ್ಟು ಜನ!

ಇನ್ನು, ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕ್ರಾಸ್ ಸೈಟ್ ಸ್ಕ್ರಿಪ್ಟಿಂಗನ್ನು ಚಿಕ್ಕದಾಗಿ ಸಿಎಸ್‌ಎಸ್ ಅನ್ನದೆ ಎಕ್ಸ್‌ಎಸ್‌ಎಸ್ ಅನ್ನುವುದು ಯಾಕೆ? ಪುಟಕ್ಕೆ ಬಣ್ಣ, ಅಂದ ಕೊಡುವ ಭಾಷೆಗೆ ಸಿಎಸ್‌ಎಸ್ ಅನ್ನುವ ಹೆಸರು ಆಗಲೇ ಇತ್ತು. ಅದಕ್ಕೆ ಕ್ರಾಸ್ ಬದಲು ಇಂಟು ಗುರುತಿನಂಥ ಎಕ್ಸ್ ಅಕ್ಷರ ಬಂತು. ಕ್ರಾಸ್ ಅಂದ ಕೂಡಲೇ ನನ್ನ ಕ್ಲಾಸಿನ ಒಬ್ಬ ಹುಡುಗ, 'ದುರ್ಗಿಗುಡಿ ಕ್ರಾಸಾ ಸರ್?' ಅಂತ ಕೇಳಿದ್ದ. ನಕ್ಕೆ. ಅವನು ಪರೀಕ್ಷೆಯಲ್ಲೂ ಹಾಗೇ ಬರೆದಿದ್ದ.